ಹೆಸರು ಇಲ್ಲೇ ಇದೆ ಕಣಪ್ಪಾ!

ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ ನೋಡದವರುಂಟೇ? ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. 1784ರಲ್ಲೇ ಕೆನರಾದ ಪಾದ್ರಿಗಳನ್ನು ಗಡೀಪಾರು ಮಾಡಲಾಗಿತ್ತು. ಸೆರೆಯಲ್ಲಿ ಪೂಜೆ, ಪಾಪನಿವೇದನೆ, ಸಾಯುವವರಿಗೆ ತೈಲಾಭ್ಯಂಗ ಮಾಡಿಸೋರು ಯಾರು? ಅಂಥವರಿಗೆ ಇಗರ್ಜಿ ಎಂದರೆ ಬರೀ ಕಲ್ಲು-ಗಾರೆಯಲ್ಲ, ಕಳಕೊಂಡದ್ದು ಮರಳಿ ಸಿಕ್ಕಂತೆ.

ಕಥೋಲಿಕರ ಸಂಸ್ಕಾರಗಳು ಏಳು. ಮೊದಲನೆಯದು ಜ್ಞಾನಸ್ನಾನ. ಆ ದಿನ ಪುಸ್ತಕದಲ್ಲಿ ಬರೆದ ಹೆಸರಿನ ಪಕ್ಕದಲ್ಲೇ ಮುಂದೆ ದೃಢೀಕರಣ, ಮದುವೆಗಳೂ ದಾಖಲಾಗಬೇಕು. ಮದುವೆ ಬೆಂಗಳೂರಲ್ಲಾದರೂ ಸುದ್ದಿ ಇಲ್ಲಿಗೇ ಬರಬೇಕು! ಕೆಲಸ ಹುಡುಕಿ ಬಸ್ಸು ಹತ್ತಿದ ತೋಟದ ಲೈನಿನ ಹುಡುಗನೂ ಮದುವೆ ಗೊತ್ತಾದಾಗ ಜ್ಞಾನಸ್ನಾನದ ಚೀಟಿಗೆ ಊರ ಇಗರ್ಜಿಯನ್ನೇ ಕೇಳಬೇಕು.

ಎಲ್ಲಿಗೆ ಹೋದ್ರೂ ಹೆಸರು ಮಾತ್ರ ಇಲ್ಲೇ ಇರುತ್ತೆ, ನೋಡಿ.