ರಕ್ತಹೀನತೆಯೂ ಗಿರಿಜನರ ಮಕ್ಕಳೂ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಸೋಲಿಗರ ಪೋಡುಗಳಿವೆ. ಅಲ್ಲಿಂದ ಶಾಲೆಗೆ ಬರುವ ಮಗುವೊಂದು ಪಾಠದ ವೇಳೆಯಲ್ಲಿ ತೂಕಡಿಸಿದರೆ, ಆಟದ ಬಯಲಿನಲ್ಲಿ ಬೇಗನೆ ಏದುಸಿರು ಬಿಟ್ಟರೆ, ನಾವು ಅದನ್ನು ಸೋಮಾರಿತನವೆಂದು ಭಾವಿಸುವುದುಂಟು. ಆದರೆ ಆ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಿದಾಗ ಒಳಭಾಗವು ಬಿಳಿಚಿಕೊಂಡಿದ್ದರೆ, ಕಾರಣ ರಕ್ತಹೀನತೆಯಾಗಿರಬಹುದು.

ನೆತ್ತರಿನ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ನಾವು ಉಸಿರಾಡಿದ ಗಾಳಿಯಲ್ಲಿನ ಆಮ್ಲಜನಕವನ್ನು ದೇಹದ ಮೂಲೆಮೂಲೆಗೂ ಹೊತ್ತೊಯ್ಯುವುದು ಅದರ ಕೆಲಸ. 5ರಿಂದ 11 ವರ್ಷದ ಮಕ್ಕಳಲ್ಲಿ 100 ಮಿಲಿಲೀಟರ್ ರಕ್ತಕ್ಕೆ 11.5 ಗ್ರಾಂಗಿಂತ ಕಡಮೆ ಹಿಮೋಗ್ಲೋಬಿನ್ ಇದ್ದರೆ ಅದನ್ನು ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಗಣಿಸುತ್ತದೆ. ಈ ಕೊರತೆಗೆ ಕಾರಣಗಳು ಹಲವು. ಅವುಗಳಲ್ಲಿ ಮೂರನ್ನು ಇಲ್ಲಿ ವಿಚಾರ ಮಾಡೋಣ.

ಮೊದಲನೆಯದು ಆಹಾರದಲ್ಲಿ ಕಬ್ಬಿಣದ ಅಭಾವ. ರಾಗಿಯಲ್ಲಿಯೂ ಸೊಪ್ಪುಗಳಲ್ಲಿಯೂ ಕಬ್ಬಿಣವಿದ್ದರೂ ದೇಹವು ಅದರ ಸ್ವಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳಬಲ್ಲುದು. ರಾಗಿಯನ್ನು ಮೊಳಕೆ ಬರಿಸಿ ಬಳಸಿದರೆ, ಊಟದೊಡನೆ ನೆಲ್ಲಿಕಾಯಿ ತಿಂದರೆ, ಈ ಹೀರಿಕೆಯು ಹೆಚ್ಚುತ್ತದೆ. ಸೋಲಿಗರು ಕಾಡಿನಿಂದ ಆಯ್ದು ತರುವ ನೆಲ್ಲಿಯಲ್ಲಿ 'ಸಿ' ಜೀವಸತ್ವವು ಸಮೃದ್ಧವಾಗಿದೆ. ಊಟದೊಡನೆ ಕುಡಿದ ಚಹವಾದರೋ ಹೀರಿಕೆಗೆ ಅಡ್ಡಿ.

ಎರಡನೆಯದು ಕೊಕ್ಕೆಹುಳು. ಇದರ ಮರಿಯು ತೇವದ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ದೇಹವನ್ನು ಸೇರುತ್ತದೆ. ಬೆಳೆದ ಮೇಲೆ ಕರುಳಿಗೆ ಕಚ್ಚಿಕೊಂಡು ನೆತ್ತರು ಹೀರುತ್ತದೆ. ತೂತುಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಇಲ್ಲಿ ಒಳ್ಳೆಯ ಊಟದ ಜೊತೆಗೆ ಆಲ್ಬೆಂಡಜೋಲ್ ಗುಳಿಗೆ, ಪಾದರಕ್ಷೆ, ಶೌಚಾಲಯಗಳು ಅವಶ್ಯ.

ಮೂರನೆಯದು ವಂಶದಿಂದ ಬರುವ ಕುಡುಗೋಲು ಕಣದ ರೋಗ. ನೀಲಗಿರಿಯ ಗಿರಿಜನರಲ್ಲಿ ಇಂಥ ಕಣಗಳಿರುವುದನ್ನು ವಿಜ್ಞಾನಿಗಳು 1952ರಲ್ಲಿ ವರದಿ ಮಾಡಿದರು. ಸೋಲಿಗರಲ್ಲಿಯೂ ಇವು ಕಂಡುಬಂದಿವೆ. ದುಂಡಗಿರಬೇಕಾದ ಕಣವು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರವಾದ ನೋವನ್ನು ಉಂಟುಮಾಡುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣವು 10ರಿಂದ 20 ದಿನಗಳಲ್ಲಿಯೇ ನಾಶವಾಗುತ್ತದೆ. ತಾಯಿತಂದೆಗಳಿಬ್ಬರಿಂದಲೂ ಈ ದೋಷವನ್ನು ಪಡೆದ ಮಗುವು ರೋಗಕ್ಕೆ ತುತ್ತಾಗುತ್ತದೆ. ಒಬ್ಬರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯದಿಂದಿರುತ್ತಾರೆ. ಕಬ್ಬಿಣದ ಗುಳಿಗೆಯಿಂದ ಈ ದೋಷವು ನೀಗದು.

ಹೀಗೆ ಹೊರಗೆ ಕಾಣುವ ಲಕ್ಷಣವೊಂದೇ. ಒಳಗಿನ ಕಾರಣಗಳು ಬೇರೆಬೇರೆ. ಆದುದರಿಂದ ಗುಳಿಗೆ ಹಂಚಿದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯಲಾಗದು. ಕುಡುಗೋಲು ಕಣದ ರೋಗವನ್ನು 2047ರೊಳಗೆ ನಿವಾರಿಸುವ ಗುರಿಯಿಂದ ಭಾರತ ಸರ್ಕಾರವು 2023ರಲ್ಲಿ ಅಭಿಯಾನವೊಂದನ್ನು ಆರಂಭಿಸಿತು. ಮೊದಲ ತಪಾಸಣೆಗೆ ಬೇಕಾದುದು ಬೆರಳ ತುದಿಯ ಒಂದೆರಡು ಹನಿ ನೆತ್ತರು. ಅದು ಸಕಾಲದಲ್ಲಿ ನಡೆದರೆ, ತರಗತಿಯಲ್ಲಿ ತೂಕಡಿಸುವ ಮಗುವಿಗೆ ಗದರಿಕೆಯ ಬದಲು ತಕ್ಕ ಚಿಕಿತ್ಸೆ ದೊರೆಯುವುದು.