ಫುಕುಶಿಮಾ ನಂತರದ ಕಾನೂನು

ಪ್ರಶ್ನೆ: ಫುಕುಶಿಮಾ ದುರಂತದ ಬಳಿಕ ಜಪಾನ್ ತನ್ನ ಅಣುಸುರಕ್ಷತಾ ಕಾನೂನಿನಲ್ಲಿ ಏನನ್ನು ಬದಲಿಸಿತು?

2011ರಲ್ಲಿ ದುರಂತ ನಡೆದಾಗ ರಿಯಾಕ್ಟರುಗಳ ಸುರಕ್ಷತೆ ನೋಡುತ್ತಿದ್ದ ಸಂಸ್ಥೆ ಇದ್ದದ್ದು ಕೈಗಾರಿಕಾ ಸಚಿವಾಲಯದ ಕೆಳಗೆ. ಅಣುವಿದ್ಯುತ್ತನ್ನು ಬೆಳೆಸಲು ಓಡಾಡುತ್ತಿದ್ದುದೂ ಅದೇ ಸಚಿವಾಲಯ! ಬಸ್ಸಿನ ಮಾಲೀಕನೇ ಆರ್‌ಟಿಒ ಕುರ್ಚಿಯಲ್ಲಿ ಕೂತು ತನ್ನ ಬಸ್ಸಿಗೆ ಎಫ್‌ಸಿ ಕೊಟ್ಟುಕೊಂಡಂತೆ. ಬ್ರೇಕು ಸವೆದಿದ್ದರೂ ಬಸ್ಸು ನಿಲ್ಲಿಸಲು ಮನಸ್ಸು ಬರುವುದಿಲ್ಲ. 2012ರ ಸೆಪ್ಟೆಂಬರಿನಲ್ಲಿ ಈ ನಂಟು ಕಡಿದು, ಪರಿಸರ ಸಚಿವಾಲಯದ ಅಡಿಯಲ್ಲಿ ಸ್ವತಂತ್ರ ಅಣು ನಿಯಂತ್ರಣ ಪ್ರಾಧಿಕಾರ ಸ್ಥಾಪಿಸಿದರು.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಮೊದಲು ಹೊಸ ನಿಯಮ ಬಂದರೂ, ಆಗಲೇ ಪರವಾನಗಿ ಪಡೆದಿದ್ದ ಸ್ಥಾವರಗಳಿಗೆ ಅದು ಕಡ್ಡಾಯವಾಗಿರಲಿಲ್ಲ. ಈಗ ಹಳೆಯವೂ ಸುನಾಮಿ, ಭೂಕಂಪದ ಹೊಸ ಮಾನದಂಡಕ್ಕೆ ತಕ್ಕಂತಿರಬೇಕು. ಇಲ್ಲವಾದರೆ ಚಾಲನೆಗೆ ಅನುಮತಿಯಿಲ್ಲ. 2024ರಲ್ಲಿ ತ್ಸುರುಗಾ ಸ್ಥಾವರದ ಎರಡನೇ ಘಟಕಕ್ಕೆ, ಕೆಳಗೆ ಸಕ್ರಿಯ ಭೂಬಿರುಕು ಇರಬಹುದೆಂದು, ಪ್ರಾಧಿಕಾರ ಅನುಮತಿ ನಿರಾಕರಿಸಿಯೇಬಿಟ್ಟಿತು.