ಗೂಬೆಯ ಗೂಡೂ ಛಾಯಾಗ್ರಾಹಕನ ಧರ್ಮವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಇರುಳು ಗೂಬೆ ಕೂಗಿದರೆ ಅಪಶಕುನವೆಂದು ನಾವು ಬೆದರುತ್ತೇವೆ. ಎಳಗಾಯಿಯನ್ನು ಕೊರೆದುಹಾಕುವ ಇಲಿಯನ್ನು ಹಿಡಿದು ತೋಟಿಗನಿಗೆ ನೆರವಾಗುವುದೂ ಆ ಹಕ್ಕಿಯೇ. ಕತ್ತಲೆಯ ಈ ಉಪಕಾರವನ್ನು ನಮಗೆ ಕಾಣಿಸಿಕೊಡಬಲ್ಲವನು ವನ್ಯಜೀವಿ ಛಾಯಾಗ್ರಾಹಕ.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ಓ. ಸಿ. ಎಡ್ವರ್ಡ್ಸ್ ಅವರಲ್ಲಿ ಈ ವಿದ್ಯೆಯನ್ನು ಕಲಿತು, ಬಾಳಿನ ಬಹುಭಾಗವನ್ನು ಅದಕ್ಕೆ ಮುಡಿಪಿಟ್ಟರು. ಗೂಡಿನ ಬಳಿ ಮರೆಯನ್ನು ಒಮ್ಮೆಗೇ ಕಟ್ಟಲಾಗದು. ದಿನಕ್ಕಿಷ್ಟಿಷ್ಟೇ ಹತ್ತಿರ ಸರಿಸಬೇಕು. ಹಕ್ಕಿ ಅದಕ್ಕೆ ಒಗ್ಗಿದ ಮೇಲೆ, ಕ್ಷಣದ ಅತ್ಯಲ್ಪ ಭಾಗವಷ್ಟೇ ಹೊಳೆಯುವ ಫ್ಲ್ಯಾಷ್ ಬೆಳಕು ಬಡಿಯುವ ರೆಕ್ಕೆಯನ್ನೂ ನಿಶ್ಚಲವಾಗಿ ಹಿಡಿಯುತ್ತದೆ. ತಾಯಿ ಬೆದರಿ ದೂರವೇ ಉಳಿದರೆ ಮೊಟ್ಟೆ ತಣ್ಣಗಾಗಿ ಕೆಡುವುದು. ಬೆದರಿಕೆಯ ಸುಳಿವು ಕಂಡೊಡನೆ ಚಿತ್ರದ ಆಸೆಯನ್ನು ಬಿಟ್ಟು ಹಿಂದೆ ಸರಿಯುವುದೇ ಈ ಕಸುಬಿನ ಧರ್ಮ.

ತೋಟದಂಚಿನ ಪೊಟರೆಮರವನ್ನು ಕಡಿಯುವ ಮುನ್ನ ನಾವೂ ಒಮ್ಮೆ ಮೇಲೆ ನೋಡೋಣ.